ಟ್ರಾಮ್ ನೋಡಾಕ ಮುಂಬೈಗೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಈ ಐದೂ ತಾಲೂಕಿನ ಯಾವ ಊರಿನ ರಸ್ತೆಯ ಮೇಲೂ ಟ್ರಾಮ್ ಓಡಿಲ್ಲ. ಬೆಳಗಾವಿ, ಹುಬ್ಬಳ್ಳಿಯಲ್ಲೂ ಇಲ್ಲ, ಬೆಂಗಳೂರಿನಲ್ಲೂ ಇಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಕಾಡಿನಿಂದ ಕಟ್ಟಿಗೆ ತರಲು ಸಣ್ಣ ಕಂಬಿಯ ಟ್ರಾಮ್ ದಾರಿ ಇತ್ತು. ಆದರೆ ಅದು ಸರಕಿನ ಗಾಡಿ, ಪೇಟೆಯಲ್ಲಿ ಮಂದಿ ಹತ್ತಿ ಇಳಿಯುವ ಗಾಡಿಯಲ್ಲ. ಹಂಗಾದ್ರ ನಮಗೂ ಟ್ರಾಮಿಗೂ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ಅದ. 1956ರ ನವೆಂಬರ್ 1ರ ತನಕ ನಮ್ಮ ಜಿಲ್ಲೆ ಮುಂಬೈ ರಾಜ್ಯದಲ್ಲಿತ್ತು. ಅಂದ್ರ ನಮ್ಮ ಅಜ್ಜಂದಿರ ಕಾಲದ ರಾಜಧಾನಿ ಮುಂಬೈ. ಹೈಕೋರ್ಟಿನ ಕೆಲಸಕ್ಕೆ, ದೊಡ್ಡ ದವಾಖಾನೆಗೆ, ಗಿರಣಿಯ ದುಡಿಮೆಗೆ ಹೋದ ನಮ್ಮ ಕಡೆಯ ಮಂದಿ ಬೋರಿಬಂದರಿನಲ್ಲಿ ರೈಲು ಇಳಿದು ಹತ್ತುತ್ತಿದ್ದದ್ದು ಟ್ರಾಮನ್ನೇ. ನಮ್ಮ ಹಿರಿಯರು ಆ ಗಾಡಿಯಲ್ಲಿ ಕೂತಿದ್ದಾರೆ, ನಾವು ಪುಸ್ತಕದಲ್ಲಿ ಓದಿದ್ದೇವೆ, ಅಷ್ಟೇ ಫರಕು.

ಓದಿದ್ದೂ ಎಲ್ಲಿ? ಎಲೆಕ್ಟ್ರಿಕ್ ಟ್ರ್ಯಾಕ್ಷನ್ ಅನ್ನುವ ಪಾಠದಲ್ಲಿ. 'ಸೀರೀಸ್–ಪ್ಯಾರಲಲ್ ಕಂಟ್ರೋಲ್' ಅಂತ ಒಂದು ಪ್ರಶ್ನೆ ಬರ್ತದ, ಚಿತ್ರ ತಗದು ಎಂಟು ಮಾರ್ಕ್ ಗಿಟ್ಟಿಸಿ ಮರೆತು ಬಿಡ್ತೀವಿ. ಆ ಚಿತ್ರದಲ್ಲಿರುವ ಗಾಡಿ ನಿಜವಾಗಿ ಹೆಂಗಿತ್ತು ಅಂತ ನೋಡಬೇಕು ಅನ್ನುವ ಹುಕಿ ಬಂದು ಕನ್ನಡ ಬಳಗದ ನಾವು ಏಳು ಮಂದಿ ಹೊರಟೆವು. ಎಲೆಕ್ಟ್ರಿಕಲ್ಲಿನವರು ನಾಲ್ವರು, ಮೆಕ್ಯಾನಿಕಲ್ಲಿನವರು ಇಬ್ಬರು, ಸಿವಿಲ್ಲಿನವನೊಬ್ಬ. ಸಿವಿಲ್ಲಿನವ ಯಾಕ ಬೇಕಾಗಿತ್ತು ಅನ್ನೋದು ಮುಂದೆ ಗೊತ್ತಾಗ್ತದ. ರಾಯಬಾಗ ಕಡೆಯವರು ರೈಲಿನಲ್ಲಿ, ಉಳಿದವರು ಕಾಗವಾಡದ ಮೇಲೆ ಬಸ್ಸಿನಲ್ಲಿ ಮಿರಜ ಸೇರಿ, ಕೊಲ್ಹಾಪುರದಿಂದ ಬರುವ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಾಗುವಷ್ಟರಲ್ಲಿ ಮುಂಬೈ.

ಸಿ.ಎಸ್.ಎಂ.ಟಿ. ನಿಲ್ದಾಣದಿಂದ ಹೊರಗೆ ಬಂದರೆ ಎದುರಿಗೇ ಭಾಟಿಯಾ ಬಾಗ್ ಎಂಬ ಸಣ್ಣ ತೋಟ. ಅಲ್ಲೊಂದು ಟ್ರಾಮ್ ನಿಂತಿದೆ. ನೋಡಿ ಖುಷಿಯಾಗುವುದೇನೋ ಖರೆ, ಆದರೆ ಒಂದು ವಿಷಯ ತಿಳಿದಿರಲಿ: ಅದು ಮುಂಬೈಯ ಗಾಡಿಯಲ್ಲ, ಕಲ್ಕತ್ತದ್ದು. ಅಲ್ಲಿಂದ ತರಿಸಿ 2021ರಲ್ಲಿ ಇಲ್ಲಿ ನಿಲ್ಲಿಸಿದರು. ಮುಂಬೈಯಲ್ಲಿ 90 ವರ್ಷ ಟ್ರಾಮ್ ಓಡಿದೆ. ನೆನಪಿಗೆ ಒಂದನ್ನು ನಿಲ್ಲಿಸಬೇಕು ಅಂದಾಗ ಪರ ಊರಿನಿಂದ ತರಿಸಬೇಕಾಯಿತು. ಈ ಮಾತು ನಮಗೆ ಆ ದಿನವೆಲ್ಲ ಕಾಡಿತು.

ಬೆಸ್ಟ್ ಸಂಸ್ಥೆಯ ಮ್ಯೂಸಿಯಂ ಇರುವುದು ಆಣಿಕ್ ಬಸ್ ಡಿಪೋದಲ್ಲಿ. ಹಾರ್ಬರ್ ಲೈನಿನ ಲೋಕಲ್ ಹಿಡಿದು ಗುರು ತೇಗ್ ಬಹಾದ್ದೂರ್ ನಗರದಲ್ಲಿ ಇಳಿದರೆ ಹತ್ತಿರ. 1984ರಲ್ಲಿ ಕುರ್ಲಾ ಡಿಪೋದಲ್ಲಿ ಶುರುವಾದ ಇದು 1993ರಲ್ಲಿ ಇಲ್ಲಿಗೆ ಬಂತು. ಸುತ್ತ ಕೆಂಪು ಬಸ್ಸುಗಳು ತೊಳೆಸಿಕೊಳ್ಳುತ್ತ ನಿಂತಿರುತ್ತವೆ, ನಡುವೆ ಒಂದು ಕಟ್ಟಡದ ಮಹಡಿಯ ಮೇಲೆ ಮ್ಯೂಸಿಯಂ. ದೊಡ್ಡ ಟ್ರಾಮ್‌ಗಳು ಸಾಲಾಗಿ ನಿಂತಿರ್ತಾವು ಅಂತ ತಿಳ್ಕೊಂಡು ಹೋಗಬ್ಯಾಡ್ರಿ. ಅಲ್ಲಿರುವುದು ಮಾದರಿಗಳು, ಫೋಟೋ, ಹಳೆಯ ಟಿಕೆಟ್ಟು, ಟಿಕೆಟ್ ತೂತು ಮಾಡುವ ಯಂತ್ರ, ಕರೆಂಟಿನ ಹಳೆಯ ಮೀಟರು. ಟ್ರಾಮಿನ ಮ್ಯೂಸಿಯಮ್ಮಿನಲ್ಲಿ ಮನೆಯ ಮೀಟರ್ ಯಾಕ ಅಂತ ನಮ್ಮವನೊಬ್ಬ ಕೇಳಿದ. ಅಲ್ಲಿದ್ದ ಕಾಕಾ ಮರಾಠಿಯಲ್ಲೇ ನಗುತ್ತ, "ಬೆಸ್ಟ್ ಅಂದ್ರ ಏನು, ಮೊದಲು ಅದನ್ನ ಹೇಳು" ಅಂದರು.

ಇದು ಒಳ್ಳೆಯ ಪ್ರಶ್ನೆ. 1905ರಲ್ಲಿ ಕಂಪನಿ ಹುಟ್ಟಿದಾಗ ಅದರ ಹೆಸರು 'ಬಾಂಬೆ ಎಲೆಕ್ಟ್ರಿಕ್ ಸಪ್ಲೈ ಅಂಡ್ ಟ್ರಾಮ್‌ವೇಸ್'. 1947ರ ಆಗಸ್ಟ್ 7ರಂದು ಮುಂಬೈ ಮಹಾನಗರಪಾಲಿಕೆ ಅದನ್ನು ತೆಗೆದುಕೊಂಡ ಮೇಲೆ 'ಟ್ರಾಮ್‌ವೇಸ್' ಹೋಗಿ 'ಟ್ರಾನ್ಸ್‌ಪೋರ್ಟ್' ಆಯಿತು, ಗಿಡ್ಡ ಹೆಸರು ಹಂಗೇ ಉಳಿಯಿತು. ಅಂದರೆ ಮೊದಲ ಶಬ್ದವೇ ವಿದ್ಯುತ್ತು. ದಕ್ಷಿಣ ಮುಂಬೈಯ ಮನೆಗಳಿಗೆ ಇವತ್ತಿಗೂ ಕರೆಂಟ್ ಕೊಡುವುದು ಇದೇ ಬಸ್ಸಿನ ಸಂಸ್ಥೆ. ಇದು ಕಾಕತಾಳೀಯವಲ್ಲ, ಲೆಕ್ಕಾಚಾರ. ಪವರ್ ಹೌಸ್ ಕಟ್ಟಿದ ಮೇಲೆ ಅದು ಇಡೀ ದಿನ ದುಡಿಯಬೇಕು. ಬರೀ ದೀಪಕ್ಕೆ ಕರೆಂಟ್ ಮಾರಿದರೆ ಸಂಜೆ ನಾಲ್ಕು ತಾಸು ಬಿಟ್ಟು ಉಳಿದ ಹೊತ್ತು ಜನರೇಟರ್ ಖಾಲಿ. ಟ್ರಾಮ್ ಹಗಲು ಕರೆಂಟ್ ತಿನ್ನುತ್ತದೆ, ದೀಪ ರಾತ್ರಿ. ಎರಡೂ ಒಂದೇ ಕೈಯಲ್ಲಿದ್ದರೆ ಲೋಡ್ ಫ್ಯಾಕ್ಟರ್ ಏರುತ್ತದೆ, ಯೂನಿಟ್ಟಿನ ಖರ್ಚು ಇಳಿಯುತ್ತದೆ. ಪವರ್ ಸಿಸ್ಟಮ್ ಪಾಠದಲ್ಲಿ ಲೋಡ್ ಕರ್ವ್ ಬಿಡಿಸುತ್ತೇವಲ್ಲ, ಅದೇ ಇದು.

ಕುದುರೆಯಿಂದ ಶುರು ಮಾಡಬೇಕು

ಮುಂಬೈಯಲ್ಲಿ ಮೊದಲ ಟ್ರಾಮ್ ಓಡಿದ್ದು 1874ರ ಮೇ 9ರಂದು. ಎಳೆದದ್ದು ಕುದುರೆ. ಕೊಲಾಬಾದಿಂದ ಕ್ರಾಫರ್ಡ್ ಮಾರ್ಕೆಟ್ ಮೇಲೆ ಪಾಯಧುನಿಗೆ ಒಂದು ದಾರಿ, ಬೋರಿಬಂದರಿನಿಂದ ಕಾಳಬಾದೇವಿ ಮೇಲೆ ಪಾಯಧುನಿಗೆ ಇನ್ನೊಂದು. ಮೊದಲಿಗೆ ಮೂರಾಣೆ, ಮಂದಿ ಹೆಚ್ಚಾದ ಮೇಲೆ ಎರಡಾಣೆ. ಶುರುವಿಗೆ ಟಿಕೆಟ್ಟೇ ಇರಲಿಲ್ಲ. ರೊಕ್ಕ ಕೊಡದೆ ಹತ್ತುವವರು ಹೆಚ್ಚಾದ ಮೇಲೆ ಅದೇ ವರ್ಷ ಟಿಕೆಟ್ ಬಂತು. ಮಂದಿ ಯಾವಾಗಲೂ ಮಂದಿಯೇ.

ರಸ್ತೆ ಇದ್ದಾಗ ಕುದುರೆಗಾಡಿಗೆ ಕಬ್ಬಿಣದ ಕಂಬಿ ಯಾಕ ಬೇಕು? ಇದನ್ನು ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯ ಹಾದಿಯಲ್ಲಿ ಕಬ್ಬಿನ ಗಾಡಿ ನೋಡಿದವರಿಗೆ ಹೇಳಿಕೊಡಬೇಕಾಗಿಲ್ಲ. ಹೊಲದೊಳಗಿನ ಎರೆಮಣ್ಣಿನಲ್ಲಿ ಗಾಡಿ ಹೊರಗೆ ಬರಬೇಕಾದರೆ ಎತ್ತಿನ ಬಾಯಲ್ಲಿ ನೊರೆ ಬರುತ್ತದೆ. ಅದೇ ಗಾಡಿ ಡಾಂಬರಿಗೆ ಬಂದ ಕೂಡಲೆ ಗಾಡಿಯವ ಮೇಲೆ ಕೂತು ತಂಬಾಕು ತಿಕ್ಕುತ್ತಾನೆ. ಗಾಲಿ ಉರುಳುವಾಗ ನೆಲ ಎಷ್ಟು ತಗ್ಗುತ್ತದೆಯೋ ಅಷ್ಟು ಶಕ್ತಿ ವ್ಯರ್ಥ. ಮೆಕ್ಯಾನಿಕಲ್ಲಿನವರು ಇದಕ್ಕೆ ರೋಲಿಂಗ್ ರೆಸಿಸ್ಟನ್ಸ್ ಅಂತಾರೆ. ಮೆತ್ತಗಿನ ಮಣ್ಣಿನ ಮೇಲೆ ಅದರ ಗುಣಾಂಕ 0.05 ಅಥವಾ ಅದಕ್ಕೂ ಹೆಚ್ಚು. ಡಾಂಬರಿನ ಮೇಲೆ ಟೈರಿಗೆ 0.01ರಿಂದ 0.015. ಉಕ್ಕಿನ ಕಂಬಿಯ ಮೇಲೆ ಉಕ್ಕಿನ ಗಾಲಿಗೆ 0.002ರ ಆಸುಪಾಸು. ರಸ್ತೆಯ ಧೂಳು, ಕಸ ತುಂಬಿದ ಟ್ರಾಮ್ ಕಂಬಿಗೆ ಅದರ ಮೂರು ಪಟ್ಟು, 0.006 ಹಿಡಿಯೋಣ.

ಮಂದಿ ಸಮೇತ ಗಾಡಿಯ ತೂಕ 5 ಟನ್ ಇದ್ದರೆ, ಮಣ್ಣಿನ ದಾರಿಯಲ್ಲಿ ಅದನ್ನು ಎಳೆಯಲು 250 ಕೆ.ಜಿ.ಯಷ್ಟು ಜಗ್ಗಬೇಕು. ಕಂಬಿಯ ಮೇಲೆ 30 ಕೆ.ಜಿ. ಸಾಕು. ಒಂದು ಕುದುರೆ ದಣಿಯದೆ ಹೊತ್ತುಗಟ್ಟಲೆ ಜಗ್ಗಬಲ್ಲದ್ದು ತನ್ನ ತೂಕದ ಹತ್ತನೇ ಒಂದು ಪಾಲು, ಅಂದರೆ 40–50 ಕೆ.ಜಿ. ಅಲ್ಲಿಗೆ ಲೆಕ್ಕ ಮುಗಿಯಿತು. ನಿಂತ ಗಾಡಿಯನ್ನು ಚಾಲೂ ಮಾಡಲು ಹೆಚ್ಚು ಬಲ ಬೇಕು, ಚಡಾವಿಗೆ ಇನ್ನೂ ಹೆಚ್ಚು, ಅದಕ್ಕೇ ಜೋಡಿ ಕುದುರೆ. ಆದರೆ ಕುದುರೆ ಇಡೀ ದಿನ ದುಡಿಯುವುದಿಲ್ಲ. ಕೆಲವು ತಾಸಿಗೊಮ್ಮೆ ಬದಲಿಸಬೇಕು, ದುಡಿಯದ ಹೊತ್ತಿಗೂ ಹಿಡಿ ಹಾಕಬೇಕು. ಮುಂಬೈ ಕಂಪನಿಯ ಲಾಯದಲ್ಲಿ 900 ಕುದುರೆ ಇದ್ದವಂತೆ. ಮೇವು, ಲದ್ದಿ, ರೋಗ ಎಲ್ಲ ಸೇರಿಸಿ ನೋಡಿದರೆ ಮೋಟರ್ ಬಂದಾಗ ಕಂಪನಿಯವರು ಯಾಕೆ ಹಿಂದೆ ಮುಂದೆ ನೋಡಲಿಲ್ಲ ಅಂತ ತಿಳಿಯುತ್ತದೆ. 1907ರ ಮೇ 7ರಂದು ಮುಂಬೈಯಲ್ಲಿ ವಿದ್ಯುತ್ ಟ್ರಾಮ್ ಓಡಿತು. ಮದ್ರಾಸಿನಲ್ಲಿ ಅದಕ್ಕೂ ಹನ್ನೆರಡು ವರ್ಷ ಮೊದಲೇ, 1895ರಲ್ಲಿ. ಕಲ್ಕತ್ತದಲ್ಲಿ 1902.

ಕೈಹಿಡಿ ಒಂದು, ಮೋಟರ್ ಎರಡು

ಇನ್ನು ನಮ್ಮ ಎಂಟು ಮಾರ್ಕಿನ ಪ್ರಶ್ನೆಗೆ ಬರೋಣ. ಟ್ರಾಮ್ ಚಾಲಕನ ಮುಂದೆ ಸ್ಟಿಯರಿಂಗ್ ಇರುವುದಿಲ್ಲ, ಕಂಬಿ ಇದ್ದಮೇಲೆ ಅದರ ಅವಶ್ಯಕತೆ ಏನು? ಸೊಂಟದ ಎತ್ತರಕ್ಕೆ ಒಂದು ಕಬ್ಬಿಣದ ಪೆಟ್ಟಿಗೆ, ಅದರ ತಲೆಯ ಮೇಲೆ ತಿರುಗಿಸುವ ಹಿತ್ತಾಳೆಯ ಕೈಹಿಡಿ. ಅದೇ ಕಂಟ್ರೋಲರ್. ಚಾಲಕ ನಿಂತೇ ಓಡಿಸಬೇಕು, ಎಡಗೈ ಕಂಟ್ರೋಲರಿನ ಮೇಲೆ, ಬಲಗೈ ಬ್ರೇಕಿನ ಮೇಲೆ, ಕಾಲಿಗೆ ಗಂಟೆ.

ಮೋಟರ್ ಡಿ.ಸಿ. ಸೀರೀಸ್ ಜಾತಿಯದ್ದು. ಲ್ಯಾಬಿನಲ್ಲಿ ನಮಗೆ ಮೊದಲ ದಿನವೇ ಹೇಳಿದ್ದಾರೆ: ಸೀರೀಸ್ ಮೋಟರನ್ನು ಲೋಡ್ ಇಲ್ಲದೆ ಚಾಲೂ ಮಾಡಬ್ಯಾಡ್ರಿ, ವೇಗ ಕೈ ಮೀರಿ ಹೋಗ್ತದ. ಇಷ್ಟು ಅಪಾಯದ ಮೋಟರನ್ನು ಮಂದಿ ಕೂರುವ ಗಾಡಿಗೆ ಯಾಕೆ ಹಾಕಿದರು? ಯಾಕಂದರೆ ಟ್ರಾಮಿಗೆ ಲೋಡ್ ಇಲ್ಲದ ಹೊತ್ತೇ ಇಲ್ಲ. ಗಾಲಿಗೆ ಗೇರಿನಿಂದ ಕಟ್ಟಿದ ಮೋಟರ್ ಅದು, ಬೆಲ್ಟ್ ಕಳಚಿ ಬೀಳುವ ಭಯವಿಲ್ಲ. ಇನ್ನೊಂದು ಕಡೆ ಅದರ ಗುಣ ನೋಡಿ: ಫೀಲ್ಡ್ ಮತ್ತು ಆರ್ಮೇಚರ್ ಎರಡರಲ್ಲೂ ಒಂದೇ ಕರೆಂಟ್ ಹರಿಯುವುದರಿಂದ, ಕಬ್ಬಿಣ ಸ್ಯಾಚುರೇಟ್ ಆಗುವ ತನಕ ಟಾರ್ಕ್ ಕರೆಂಟಿನ ವರ್ಗಕ್ಕೆ ಏರುತ್ತದೆ. ಕರೆಂಟ್ ದುಪ್ಪಟ್ಟಾದರೆ ಟಾರ್ಕ್ ನಾಲ್ಕು ಪಟ್ಟು. ನಿಂತ ಗಾಡಿಯನ್ನು ಎಬ್ಬಿಸಲು ಬೇಕಾದದ್ದು ಇದೇ.

ತೊಂದರೆ ಇರುವುದು ಆ ಎಬ್ಬಿಸುವ ಗಳಿಗೆಯಲ್ಲಿ. ಮೋಟರ್ ತಿರುಗದೆ ನಿಂತಾಗ ಬ್ಯಾಕ್ ಇ.ಎಂ.ಎಫ್. ಸೊನ್ನೆ. ತಂತಿಯಲ್ಲಿ 550 ವೋಲ್ಟ್, ಮೋಟರಿನೊಳಗಿನ ರೋಧ ಅರ್ಧ ಓಮ್ ಅಂತ ಹಿಡಿದರೆ 1,100 ಆಂಪಿಯರ್ ನುಗ್ಗುತ್ತದೆ. ಮೋಟರ್ ಸುಟ್ಟು ಹೋಗುತ್ತದೆ, ಇಲ್ಲವೇ ಗಾಡಿ ಜಿಗಿದು ಒಳಗಿನವರೆಲ್ಲ ಒಬ್ಬರ ಮೇಲೊಬ್ಬರು. ಅದಕ್ಕೇ ಮೊದಲು ರೆಸಿಸ್ಟರ್ ಜೋಡಿಸಿ, ವೇಗ ಬಂದ ಹಾಗೆ ಒಂದೊಂದೇ ತೆಗೆಯಬೇಕು. ಆದರೆ ರೆಸಿಸ್ಟರ್ ಅಂದರೆ ಕರೆಂಟನ್ನು ಕಾಸಿ ಗಾಳಿಗೆ ಬಿಡುವುದು. ಇನ್ನೂರು ಮುನ್ನೂರು ಮೀಟರಿಗೊಮ್ಮೆ ನಿಲ್ಲುವ ಗಾಡಿಗೆ ಇದು ದೊಡ್ಡ ನಷ್ಟ.

ಗಾಡಿಗೆ ಎರಡು ಮೋಟರ್ ಹಾಕಿದ್ದರ ಹಿಕ್ಮತ್ತು ಇಲ್ಲಿದೆ. ಮೊದಲು ಎರಡನ್ನೂ ಸೀರೀಸ್‌ನಲ್ಲಿ ಜೋಡಿಸುತ್ತಾರೆ, ಒಂದೊಂದಕ್ಕೆ 275 ವೋಲ್ಟ್. ಅರ್ಧ ವೇಗ ಬಂದ ಮೇಲೆ ಪ್ಯಾರಲಲ್‌ಗೆ ಬದಲಿಸುತ್ತಾರೆ, ಒಂದೊಂದಕ್ಕೂ ಪೂರ್ತಿ 550. ಲೆಕ್ಕ ಹಾಕಿಯೇ ನೋಡಿ. ಒಂದೊಂದು ಮೋಟರಿನಲ್ಲಿ ಕರೆಂಟ್ ಒಂದೇ ಸಮ I, ಪೂರ್ತಿ ವೇಗಕ್ಕೆ ಬರುವ ಸಮಯ t. ಮೊದಲಿನಿಂದ ಪ್ಯಾರಲಲ್‌ನಲ್ಲೇ ಇಟ್ಟರೆ ತಂತಿಯಿಂದ ತೆಗೆದುಕೊಳ್ಳುವ ಶಕ್ತಿ 2VIt. ಮೋಟರಿಗೆ ದಕ್ಕುವುದು ಅದರ ಅರ್ಧ, VIt. ಇನ್ನರ್ಧ ರೆಸಿಸ್ಟರಿನ ಪಾಲು. ಸೀರೀಸ್–ಪ್ಯಾರಲಲ್ ಮಾಡಿದರೆ ಮೊದಲ ಅರ್ಧ ಸಮಯಕ್ಕೆ ತಂತಿಯಿಂದ ಬರುವ ಕರೆಂಟ್ ಬರೀ I, ಆಮೇಲೆ 2I. ಒಟ್ಟು 1.5VIt. ಮೋಟರಿಗೆ ದಕ್ಕುವುದು ಮೊದಲಿನಷ್ಟೇ, VIt. ಚಾಲೂ ಮಾಡುವಾಗಿನ ದಕ್ಷತೆ ಶೇ 50 ಇದ್ದದ್ದು ಶೇ 66.7ಕ್ಕೆ ಏರಿತು. ಹೊಸ ಯಂತ್ರ ಏನೂ ಸೇರಿಸಿಲ್ಲ, ವೈರ್ ಜೋಡಿಸುವ ಕ್ರಮ ಬದಲಿಸಿದ್ದು ಅಷ್ಟೇ! ಇಂಥದ್ದನ್ನು ಕಂಡಾಗ ಎಂಜಿನಿಯರಿಂಗ್ ಓದಿದ್ದಕ್ಕೆ ಸಾರ್ಥಕ ಅನಿಸುತ್ತದೆ.

ಇನ್ನೊಂದು ಲಾಭವೂ ಇದೆ. ರೆಸಿಸ್ಟರ್ ಪೂರ್ತಿ ಹೊರಗಿರುವ ಎರಡು ನಾಚ್ ಸಿಗುತ್ತವೆ, ಒಂದು ಅರ್ಧ ವೇಗದ್ದು, ಒಂದು ಪೂರ್ತಿ ವೇಗದ್ದು. ಗಿಜಿಗುಟ್ಟುವ ಪೇಟೆಯಲ್ಲಿ ಚಾಲಕ ಅರ್ಧದಲ್ಲೇ ಇಟ್ಟು ಕರೆಂಟ್ ಹಾಳು ಮಾಡದೆ ಸಾವಕಾಶ ಹೋಗಬಹುದು. ನಡುವಿನ ನಾಚ್‌ನಲ್ಲಿ ಹೆಚ್ಚು ಹೊತ್ತು ನಿಲ್ಲಿಸಿದರೆ ರೆಸಿಸ್ಟರ್ ಕೆಂಪಗಾಗುತ್ತದೆ. ಇವತ್ತಿನ ಮೆಟ್ರೋ ರೈಲುಗಳಲ್ಲಿ ಇನ್ವರ್ಟರ್ ಮತ್ತು ಇಂಡಕ್ಷನ್ ಮೋಟರ್ ಈ ಕೆಲಸವನ್ನು ನುಣುಪಾಗಿ ಮಾಡುತ್ತವೆ, ಬ್ರೇಕ್ ಹಾಕಿದಾಗ ಶಕ್ತಿಯನ್ನು ತಂತಿಗೆ ವಾಪಸ್ಸೂ ಕೊಡುತ್ತವೆ. ಹಳೆಯ ಟ್ರಾಮಿನಲ್ಲೂ ಮೋಟರನ್ನೇ ಜನರೇಟರ್ ಮಾಡಿ ಬ್ರೇಕ್ ಹಾಕುವ ವಿದ್ಯೆ ಇತ್ತು, ಆದರೆ ಹುಟ್ಟಿದ ಕರೆಂಟ್ ಹೋಗುತ್ತಿದ್ದದ್ದು ಅದೇ ರೆಸಿಸ್ಟರಿಗೆ.

ಬ್ರೇಕಿನ ಮಾತು ಬಂತು. ಕಂಬಿಯ ಮೇಲೆ ಸಲೀಸಾಗಿ ಉರುಳುವುದು ಹೋಗುವಾಗ ವರ, ನಿಲ್ಲುವಾಗ ಶಾಪ. ಒಣ ಕಂಬಿಯ ಹಿಡಿತದ ಗುಣಾಂಕ 0.25 ಅಂದುಕೊಂಡರೆ, ತಾಸಿಗೆ 30 ಕಿ.ಮೀ. ವೇಗದ ಟ್ರಾಮ್ ನಿಲ್ಲಲು 14 ಮೀಟರ್ ಬೇಕು. ಮುಂಬೈ ಮಳೆಯಲ್ಲಿ ಕಂಬಿ ಜಾರಿ ಅದು 0.1ಕ್ಕೆ ಇಳಿದರೆ 35 ಮೀಟರ್. ಟೈರಿನ ಗಾಡಿ ಒಣ ಡಾಂಬರಿನಲ್ಲಿ 5 ಮೀಟರಿನಲ್ಲಿ ನಿಲ್ಲಬಲ್ಲದು. ಅದಕ್ಕೇ ಟ್ರಾಮಿನ ಗಾಲಿಯ ಮುಂದೆ ಉಸುಕಿನ ಡಬ್ಬಿ ಇಡುತ್ತಿದ್ದರು. ಗಾಲಿ ಜಾರಿತು ಅಂದರೆ ಚಾಲಕ ಅದನ್ನು ಒತ್ತಿ ಕಂಬಿಯ ಮೇಲೆ ಉಸುಕು ಸುರಿಸುತ್ತಿದ್ದ. ನಮ್ಮ ಈಗಿನ ರೈಲು ಎಂಜಿನ್ನುಗಳಲ್ಲೂ ಇದೇ ಉಸುಕಿದೆ, ಮುಂದಿನ ಸಲ ರಾಯಬಾಗ ಅಥವಾ ಕುಡಚಿ ಸ್ಟೇಷನ್ನಿನಲ್ಲಿ ನಿಂತಾಗ ಎಂಜಿನ್ನಿನ ಗಾಲಿಯ ಹತ್ತಿರ ಇಳಿದಿರುವ ಸಣ್ಣ ಪೈಪ್ ನೋಡಿ.

ಒಂದೇ ತಂತಿ ಯಾಕ?

ಫೋಟೋ ನೋಡುವಾಗ ಟ್ರಾಮಿನ ತಲೆಯ ಮೇಲೆ ಒಂದೇ ಕೋಲು, ಟ್ರಾಲಿಬಸ್ಸಿನ ತಲೆಯ ಮೇಲೆ ಎರಡು. ಮುಂಬೈಯಲ್ಲಿ ಟ್ರಾಲಿಬಸ್ ಕೂಡ 1962ರಿಂದ 1971ರ ತನಕ ಓಡಿತು ಅನ್ನುವುದು ನಮಗೆ ಅಲ್ಲಿಗೆ ಹೋದ ಮೇಲೆ ಗೊತ್ತಾದದ್ದು. ಸರ್ಕ್ಯೂಟ್ ಪೂರ್ತಿಯಾಗಬೇಕಾದರೆ ಹೋದ ಕರೆಂಟ್ ವಾಪಸ್ ಬರಬೇಕು. ಟ್ರಾಮಿನಲ್ಲಿ ಅದು ಗಾಲಿಯಿಂದ ಕಂಬಿಗೆ ಇಳಿದು ಸಬ್‌ಸ್ಟೇಷನ್ನಿಗೆ ಮರಳುತ್ತದೆ. ಟ್ರಾಲಿಬಸ್ಸಿಗೆ ರಬ್ಬರ್ ಟೈರು, ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ, ಅದಕ್ಕೇ ವಾಪಸಾತಿಗೆ ಎರಡನೇ ತಂತಿ. ಕಂಬಿ ನೆಲಕ್ಕೆ ತಾಗಿಯೇ ಇರುವುದರಿಂದ ಅದರ ವೋಲ್ಟೇಜ್ ಸೊನ್ನೆಯ ಹತ್ತಿರ, ಬರಿಗಾಲಲ್ಲಿ ತುಳಿದರೂ ಏನೂ ಆಗದು.

ಸಿವಿಲ್ಲಿನವ ಬೇಕಾದದ್ದು ಇಲ್ಲಿ. ಕಂಬಿಯಲ್ಲಿ ವಾಪಸ್ ಬರಬೇಕಾದ ಕರೆಂಟ್ ಎಲ್ಲವೂ ಕಂಬಿಯಲ್ಲೇ ಬರುವುದಿಲ್ಲ. ಕೆಲವಷ್ಟು ಒದ್ದೆ ಮಣ್ಣಿಗೆ ಇಳಿದು, ಹತ್ತಿರದ ಕಬ್ಬಿಣದ ನೀರಿನ ಪೈಪ್ ಹಿಡಿದು ಸಾಗಿ, ಸಬ್‌ಸ್ಟೇಷನ್ ಸಮೀಪ ಬಂದಾಗ ಪೈಪಿನಿಂದ ಹೊರಬೀಳುತ್ತದೆ. ಹೊರಬೀಳುವ ಜಾಗದಲ್ಲಿ ಪೈಪ್ ಆನೋಡ್ ಆಗಿ ಕರಗುತ್ತದೆ. ಫ್ಯಾರಡೆ ನಿಯಮ ಹಾಕಿದರೆ, ಬರೀ 1 ಆಂಪಿಯರ್ ಒಂದು ವರ್ಷ ಹರಿದರೆ 9 ಕೆ.ಜಿ. ಕಬ್ಬಿಣ ಹೋಗುತ್ತದೆ. ಪೈಪ್ ಒಡೆದಾಗ ಬೈಸಿಕೊಳ್ಳುವವರು ನೀರಿನ ಇಲಾಖೆಯವರು, ಕರೆಂಟ್ ಮಾತ್ರ ಟ್ರಾಮಿನದು. ಹಂಗಾಗಿ ಬ್ರಿಟನ್ನಿನಲ್ಲಿ ಕಂಬಿಯ ಎರಡು ತುದಿಗಳ ನಡುವೆ 7 ವೋಲ್ಟಿಗಿಂತ ಹೆಚ್ಚು ಫರಕು ಬರಕೂಡದು ಅಂತ ನಿಯಮವನ್ನೇ ಮಾಡಿದ್ದರು. ಕಂಬಿಯ ತುಂಡು ತುಂಡಿನ ನಡುವೆ ತಾಮ್ರದ ಬಾಂಡ್ ಹಾಕುವುದು ಈ ಕಾರಣಕ್ಕೆ. ಡಿ.ಸಿ. ಮೆಟ್ರೋಗಳಲ್ಲಿ ಈ ತಲೆನೋವು ಇನ್ನೂ ಇದೆ.

ಮದ್ರಾಸಿನ ಕತೆ ಇದಕ್ಕಿಂತ ಮಜಾ. ಅಲ್ಲಿ ಮೊದಲು ಮೇಲೆ ತಂತಿಯೇ ಬೇಡ ಅಂತ ರಸ್ತೆಯೊಳಗೆ ಗಾಳಿ ಮಾಡಿ, ಸೀಳಿನ ಕೆಳಗೆ ಕರೆಂಟಿನ ವಾಹಕ ಹಾಕಿದ್ದರು. ಊರು ಚಂದ ಕಾಣುತ್ತಿತ್ತು. ಮಳೆಗಾಲ ಬಂದು ಆ ಗಾಳಿಯಲ್ಲಿ ನೀರು ನಿಂತಿತು. ಆಮೇಲೆ ಅವರೂ ತಂತಿ ಕಟ್ಟಿದರು.

ಮುಂಬೈ ಯಾಕ ಬಿಟ್ಟಿತು?

1920ರಲ್ಲಿ ಮುಂಬೈಯಲ್ಲಿ ಡಬಲ್ ಡೆಕ್ಕರ್ ಟ್ರಾಮ್ ಬಂತು, ಅಷ್ಟು ಮಂದಿ. 1926ರಲ್ಲಿ ಅದೇ ಕಂಪನಿ ಬಸ್ ಶುರು ಮಾಡಿತು. ಅಲ್ಲಿಂದ ನಲವತ್ತು ವರ್ಷದೊಳಗೆ ಬಸ್ಸು ಟ್ರಾಮನ್ನು ನುಂಗಿತು. 1964ರ ಮಾರ್ಚ್ 31ರ ರಾತ್ರಿ ಬೋರಿಬಂದರಿನಿಂದ ದಾದರಿಗೆ ಕೊನೆಯ ಟ್ರಾಮ್ ಹೋಯಿತು. ಮದ್ರಾಸ್ 1953ರಲ್ಲೇ ನಿಲ್ಲಿಸಿತ್ತು, ದಿಲ್ಲಿ 1963ರಲ್ಲಿ.

ಟ್ರಾಮ್ ಹಳೆಯದಾಯಿತು, ಹೋಯಿತು ಅಂತ ಹೇಳಿ ಮುಗಿಸಿಬಿಡುತ್ತಾರೆ. ನಮಗೆ ಅದು ಪೂರ್ತಿ ಖರೆ ಅನಿಸುವುದಿಲ್ಲ. ಕಂಬಿ ಇರುವುದು ರಸ್ತೆಯ ನಡುವೆ. ಮಂದಿ ಇಳಿಯುವುದು ಮೋಟರುಗಳ ನಡುವೆ. ಒಂದು ಟ್ರಾಮ್ ಕೆಟ್ಟರೆ ಹಿಂದಿನವೆಲ್ಲ ಸಾಲಾಗಿ ನಿಲ್ಲಬೇಕು, ಪಕ್ಕಕ್ಕೆ ಸರಿದು ಹೋಗುವ ಉಪಾಯವಿಲ್ಲ. ಕಂಬಿ ರಿಪೇರಿಗೆ ರಸ್ತೆ ಅಗೆಯಬೇಕು. ಇವು ನಿಜವಾದ ದೋಷ. ಆದರೆ ಟ್ರಾಮ್ ತಡ ಆಗುತ್ತಿದ್ದದ್ದು ಬಹಳ ಸಲ ತನ್ನ ತಪ್ಪಿನಿಂದಲ್ಲ, ಒಬ್ಬೊಬ್ಬರೇ ಕೂತ ಕಾರುಗಳು ಕಂಬಿಯ ಮೇಲೆ ಬಂದು ನಿಂತದ್ದರಿಂದ. ರಸ್ತೆ ಯಾರದ್ದು ಅನ್ನುವ ಜಗಳದಲ್ಲಿ ಹೆಚ್ಚು ಮಂದಿಯನ್ನು ಹೊತ್ತ ಗಾಡಿ ಸೋತಿತು. ಯುರೋಪಿನ ಎಷ್ಟೋ ಊರುಗಳು ಟ್ರಾಮಿಗೆ ಬೇರೆಯೇ ಪಟ್ಟಿ ಬಿಟ್ಟು ಉಳಿಸಿಕೊಂಡವು, ಕಿತ್ತ ಕೆಲವು ಊರುಗಳು ಮತ್ತೆ ಹಾಕಿದವು. ನಮ್ಮಲ್ಲಿ ಕಲ್ಕತ್ತ ಒಂದೇ ಉಳಿದಿತ್ತು. ಅಲ್ಲೂ ಎಸ್‌ಪ್ಲನೇಡ್–ಮೈದಾನದ ಒಂದು ತುಣುಕು ಬಿಟ್ಟು ಉಳಿದದ್ದನ್ನು ನಿಲ್ಲಿಸುತ್ತೇವೆ ಅಂತ 2024ರಲ್ಲಿ ಅಲ್ಲಿನ ಸರಕಾರ ಹೇಳಿತು. ಅಲ್ಲಿಗೆ ಹೋಗುವವರು ಎಸ್‌ಪ್ಲನೇಡಿನಲ್ಲಿ 1938ರ ಟ್ರಾಮ್ ಗಾಡಿಯೊಳಗೇ ಮಾಡಿದ 'ಸ್ಮರಣಿಕಾ' ಮ್ಯೂಸಿಯಂ ನೋಡಬಹುದು.

ಮುಂಬೈಯ ಗಾಡಿಗಳು, ಕಂಬಿಗಳು ಗುಜರಿಯಾದವು. ಕೆಲವು ಕಡೆ ಕಂಬಿ ಕೀಳದೆ ಮೇಲೆ ಡಾಂಬರ್ ಹಾಕಿದ್ದರು. ಇತ್ತೀಚಿನ ವರ್ಷಗಳಲ್ಲಿ ಫ್ಲೋರಾ ಫೌಂಟನ್ ಹತ್ತಿರ ನೆಲ ಅಗೆದಾಗ ಆ ಕಂಬಿ ಮೇಲೆದ್ದಿತು. ಟ್ರಾಮ್ ಓಡಿದ್ದಕ್ಕೆ ಮುಂಬೈ ನೆಲದಲ್ಲಿ ಉಳಿದ ಸಾಕ್ಷಿ ಅಂದರೆ ಅಂಥ ತುಂಡುಗಳು.

ಮಿರಜದ ಸಣ್ಣ ಗಾಡಿ

ತಿರುಗಿ ಬರುವಾಗ ಮಿರಜ ಸ್ಟೇಷನ್ನಿನಲ್ಲಿ ನಮ್ಮ ಮಾತು ಇನ್ನೊಂದು ಗಾಡಿಯ ಕಡೆ ಹೊರಳಿತು. ಇದು ಟ್ರಾಮ್ ಅಲ್ಲ, ಆದರೆ ನಮ್ಮ ಐದು ತಾಲೂಕಿಗೆ ಟ್ರಾಮಿಗಿಂತ ಹತ್ತಿರದ್ದು. ಬಾರ್ಶಿ ಲೈಟ್ ರೈಲ್ವೆ. ಕಂಬಿಗಳ ನಡುವೆ ಬರೀ 762 ಮಿ.ಮೀ. ಅಂತರ. 1897ರಲ್ಲಿ ಬಾರ್ಶಿ ಕಡೆ ಶುರುವಾಗಿ, ಪಂಢರಪುರದ ಮೇಲೆ 1927ರಲ್ಲಿ ಮಿರಜಕ್ಕೆ ಮುಟ್ಟಿತು. ಅಥಣಿ, ಕಾಗವಾಡ ಕಡೆಯಿಂದ ವಿಠ್ಠಲನ ದರ್ಶನಕ್ಕೆ ಹೋಗುವ ವಾರಕರಿಗಳಿಗೆ ಇದೇ ಗಾಡಿ. ನಮ್ಮ ತಂಡದವನೊಬ್ಬನ ಅಜ್ಜ ಇವತ್ತಿಗೂ "ಚಡಾವಿನ್ಯಾಗ ಇಳದು ನಡದ್ರೂ ಮುಂದ ಹೋಗಿ ಹತ್ತಬಹುದಿತ್ತೋ ತಮ್ಮಾ" ಅಂತ ನಗುತ್ತಾರೆ.

ನಗುವ ಗಾಡಿಯೇನೂ ಅಲ್ಲ ಅದು. ಕಟ್ಟಿಸಿದ ಎವರಾರ್ಡ್ ಕ್ಯಾಲ್‌ಥ್ರಾಪ್ ಅನ್ನುವ ಎಂಜಿನಿಯರ್ ಒಂದು ಸರಳ ಸೂತ್ರ ಹಿಡಿದಿದ್ದ: ಎಂಜಿನ್ನಿರಲಿ, ಡಬ್ಬಿಯಿರಲಿ, ಯಾವ ಅಚ್ಚಿನ ಮೇಲೂ 5 ಟನ್ನಿಗಿಂತ ಹೆಚ್ಚು ಭಾರ ಬೀಳಕೂಡದು. ಭಾರ ಎಲ್ಲ ಕಡೆ ಒಂದೇ ಸಮ ಇದ್ದರೆ ಕಂಬಿ ಹಗುರ ಸಾಕು, ಸೇತುವೆ ಹಗುರ ಸಾಕು, ಖರ್ಚು ಕಡಿಮೆ. ಬಡ ತಾಲೂಕಿಗೂ ರೈಲು ತರಬಹುದು ಅನ್ನುವುದು ಅವನ ವಾದ. ಇದೇ ಮನುಷ್ಯ ಆಮೇಲೆ ವಿಮಾನದವರಿಗೆ 'ಗಾರ್ಡಿಯನ್ ಏಂಜೆಲ್' ಅನ್ನುವ ಪ್ಯಾರಾಶೂಟ್ ಮಾಡಿದ. ಮುಂದೆ ಲೈನು ಬ್ರಾಡ್‌ಗೇಜ್ ಆಯಿತು, ಅದು ಆಗಬೇಕಾದದ್ದೇ. ನಿಪ್ಪಾಣಿಗೆ, ಅಥಣಿಗೆ, ಚಿಕ್ಕೋಡಿ ಊರಿಗೆ ಇನ್ನೂ ಯಾವ ಗೇಜೂ ಬಂದಿಲ್ಲ. ಚಿಕ್ಕೋಡಿ ರೋಡ್ ಅನ್ನುವ ಸ್ಟೇಷನ್ ಇದೆ, ಆ 'ರೋಡ್' ಎಷ್ಟು ಉದ್ದ ಅನ್ನುವುದು ರಾತ್ರಿ ಅಲ್ಲಿ ಇಳಿದವರಿಗೇ ಗೊತ್ತು.

ಈ ಸಣ್ಣ ಗಾಡಿಯ ಟಿಕೆಟ್ಟು, ಫೋಟೋ, ಯಾತ್ರೆಯ ಲೆಕ್ಕದ ಚೀಟಿ ಇನ್ನೂ ನಮ್ಮ ಮನೆಗಳ ಟ್ರಂಕಿನಲ್ಲಿ ಇರಬಹುದು. ಅದರಲ್ಲಿ ಕೂತವರು ಇನ್ನೂ ಕಟ್ಟೆಯ ಮೇಲೆ ಕೂತು ಮಾತಾಡುತ್ತಾರೆ. ಕನ್ನಡ ಬಳಗದಿಂದ ಈ ಸೆಮಿಸ್ಟರ್ ರಜೆಯಲ್ಲಿ ಅವನ್ನು ಸ್ಕ್ಯಾನ್ ಮಾಡಿ, ಅವರ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಇಡುತ್ತಿದ್ದೇವೆ. ಮೂಲ ಚೀಟಿ ನಮಗೆ ಕೊಡುವುದು ಬೇಡ, ನಿಮ್ಮ ಮನೆಯಲ್ಲೇ ಇರಲಿ. ಮುಖ್ಯವಾಗಿ ಅಜ್ಜ–ಅಜ್ಜಿಯರನ್ನು ಮೂರು ವಿಷಯ ಕೇಳಿ: ಎಲ್ಲಿಂದ ಎಲ್ಲಿಗೆ ಹೋದರು, ಎಷ್ಟು ರೊಕ್ಕ ಕೊಟ್ಟರು, ಎಷ್ಟು ತಾಸು ಹಿಡಿಯಿತು. ಉಳಿದದ್ದನ್ನು ಅವರೇ ಹೇಳುತ್ತಾರೆ, ನಿಲ್ಲಿಸುವುದು ಕಷ್ಟ.

ಮುಂಬೈಗೆ ಹೋಗುವವರಿಗೆ ಎರಡು ಮಾತು. ಆಣಿಕ್ ಡಿಪೋ ಮ್ಯೂಸಿಯಂ ಯಾವ ದಿನ ತೆರೆದಿರುತ್ತದೆ ಅಂತ ಮೊದಲೇ ವಿಚಾರಿಸಿಕೊಂಡು ಹೊರಡಿ. ಕಾಲೇಜಿನಿಂದ ಒಂದು ಪತ್ರ ತಗೊಂಡು ಹೋದರೆ ಇನ್ನೂ ಚಲೋ. ಸಮಯ ಉಳಿದರೆ ಹುಬ್ಬಳ್ಳಿಯಲ್ಲಿ 2020ರಲ್ಲಿ ತೆರೆದ ರೈಲು ಮ್ಯೂಸಿಯಂ ಕೂಡ ಇದೆ, ಅದಕ್ಕೆ ರಾತ್ರಿ ಪ್ರಯಾಣ ಬೇಕಾಗಿಲ್ಲ, ಬೆಳಗ್ಗೆ ಹೋಗಿ ಸಂಜೆ ಬರಬಹುದು. ಮುಂದಿನ ತಿಂಗಳ ಎರಡನೇ ಶನಿವಾರ ನಾವು ಅಲ್ಲಿಗೆ ಹೊರಟಿದ್ದೇವೆ. ಬರುವವರು ಎಲೆಕ್ಟ್ರಿಕಲ್ ಲ್ಯಾಬಿನ ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಹೆಸರು ಬರೀರಿ. ಸಿವಿಲ್ಲಿನವರಿಗೆ ಜಾಗ ಕಾಯ್ದಿರಿಸಿದೆ.